ತಿಮ್ಮರಸನ ಮೇಲಿನ ಅಪವಾದ

ದೊಡ್ಡವರ ಮನೆಯ ಗುಟ್ಟನ್ನು ಅರಿಯಬೇಕೆಂಬ ಚಪಲವು ಮನುಷ್ಯಮಾತ್ರರಿಗೆ ಸಹಜವಾದುದು. ನಾಟಕ ಸಿನಿಮಾಗಳ ನಟನಟಿಯರಲ್ಲಿ ಯಾರಿಗೆ ಯಾರ ಮೇಲೆ ಮೋಹ, ಇಂಥ ಮಂತ್ರಿಯ ಪದಚ್ಯುತಿಯ ಹಿಂದೆ ಯಾರ ಕೈವಾಡ, ಇಂಥ ಗಣ್ಯರ ಮರಣವು ದೈವಕೃತವೋ ವಿಷಕೃತವೋ ಎಂಬ ಚರ್ಚೆಯಿಲ್ಲದೆ ಕೂಡ್ಲಿಗಿಯ ಕಚೇರಿಯ ಅಂಗಳವಾಗಲಿ, ಕೊಟ್ಟೂರಿನ ತೇರುಬಯಲಾಗಲಿ, ಹರಪನಹಳ್ಳಿಯ ಚಹದಂಗಡಿಯಾಗಲಿ ಒಂದು ದಿನವನ್ನಾದರೂ ಕಳೆದುದುಂಟೆ? ಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವು ಒಂದೇ ವಾಕ್ಯ. ಆ ವಾಕ್ಯವು ಹಗರಿಬೊಮ್ಮನಹಳ್ಳಿಯ ಬಸ್ಸಿನ ನಿಲ್ದಾಣವನ್ನು ಮುಟ್ಟುವುದರೊಳಗೆ ಅದಕ್ಕೆ ಹತ್ತು ಅರ್ಥಗಳು ಹುಟ್ಟಿಕೊಂಡಿರುತ್ತವೆ. ಅವುಗಳಲ್ಲಿ ಮಳೆಬೆಳೆಗಳಿಗೆ ಒಂದೆರಡು, ಉಳಿದುವೆಲ್ಲ ಮಂತ್ರಿಮಂಡಲಕ್ಕೆ! ಪತ್ರಿಕೆಯವರಾದ ನಾವೂ ಈ ದೋಷದಿಂದ ಮುಕ್ತರೆಂದು ಹೇಳಿಕೊಳ್ಳಲಾರೆವು.

ಈ ಐದೂ ಊರುಗಳು 2021ರಿಂದ ಯಾವ ಜಿಲ್ಲೆಗೆ ಸೇರಿವೆಯೋ ಆ ಜಿಲ್ಲೆಯು ತನ್ನ ಹೆಸರನ್ನು ಪಡೆದುದು ವಿಜಯನಗರದಿಂದ. ಕನ್ನಡ ನಾಡಿನಲ್ಲಿ ಹುಟ್ಟಿದ ರಾಜಕೀಯ ಗಾಳಿಸುದ್ದಿಗಳಲ್ಲೆಲ್ಲ ಅತ್ಯಂತ ದೀರ್ಘಾಯುವಾದುದೂ ಆ ರಾಜಧಾನಿಯಲ್ಲಿಯೇ ಜನಿಸಿತು. ಅದಕ್ಕೆ ಗುರಿಯಾದವನು ಶ್ರೀಕೃಷ್ಣದೇವರಾಯನ ಮಹಾಪ್ರಧಾನಿ ಸಾಳುವ ತಿಮ್ಮರಸ. ಜನರ ಬಾಯಲ್ಲಿ ಅಪ್ಪಾಜಿ. ಈತನ ಚರಿತ್ರೆಯನ್ನು ಬಲ್ಲೆವೆಂದುಕೊಂಡಿರುವವರು ಬಹುಮಂದಿ. ಅವರು ಬಲ್ಲುದರಲ್ಲಿ ಎಷ್ಟು ಭಾಗ ಚರಿತ್ರೆ, ಎಷ್ಟು ಭಾಗ ಪೇಟೆಯ ಮಾತು ಎಂಬುದನ್ನು ವಾಚಕರ ಮುಂದಿರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಾಸನಗಳಿಂದ ತಿಳಿಯುವ ಸಂಗತಿಗಳನ್ನು ನೋಡೋಣ. ತಿಮ್ಮರಸನು ಕೌಂಡಿನ್ಯ ಗೋತ್ರದ ಬ್ರಾಹ್ಮಣನು. ರಾಚನ ಮಗ, ವೇಮನ ಮೊಮ್ಮಗ. ವಿದ್ವಾಂಸನೂ ಆಗಿದ್ದನು, ಅಗಸ್ತ್ಯ ಕವಿಯ ಬಾಲಭಾರತಕ್ಕೆ ಮನೋಹರವೆಂಬ ಸಂಸ್ಕೃತ ವ್ಯಾಖ್ಯಾನವು ಇವನ ಹೆಸರಿನಲ್ಲಿದೆ. 1513ರಲ್ಲಿ ತೊಡಗಿದ ಗಜಪತಿಯ ಮೇಲಿನ ದಂಡಯಾತ್ರೆಯಲ್ಲಿ ಉದಯಗಿರಿಯು 1514ರಲ್ಲಿ ಕೈವಶವಾಯಿತು. ಮರುವರ್ಷ ಆಷಾಢದ ಏಕಾದಶಿಯಂದು ಕೊಂಡವೀಡಿನ ದುರ್ಗವು ಬಿದ್ದಿತು. ಅದನ್ನು ಹಿಡಿದ ಕೀರ್ತಿಯನ್ನು ಕೊಂಡವೀಡಿನ ಶಾಸನವು ತಿಮ್ಮರಸನಿಗೆ ಕೊಡುತ್ತದೆ. ಅನಂತರ ಆ ಸೀಮೆಯ ಆಡಳಿತವು ಅವನಿಗೆ ಸೇರಿತು. ಅವನ ಸೋದರಳಿಯಂದಿರಾದ ನಾದೆಂಡ್ಲ ಅಪ್ಪನೂ ಗೋಪನೂ ಅಲ್ಲಿ ಅಧಿಕಾರದಲ್ಲಿದ್ದರು. ಮಾದಯಗಾರಿ ಮಲ್ಲನನೆಂಬ ತೆಲುಗು ಕವಿಯು ತನ್ನ ರಾಜಶೇಖರ ಚರಿತ್ರವನ್ನು ಅಂಕಿತಮಾಡಿದ್ದು ಆ ಅಪ್ಪನಿಗೇ. ಒಂದೇ ಕುಟುಂಬದ ಕೈಯಲ್ಲಿ ಇಷ್ಟು ಅಧಿಕಾರವು ಕೂಡಿದಾಗ ಹೊಟ್ಟೆಕಿಚ್ಚು ಪಡುವವರು ಇರಲಿಲ್ಲವೆಂದು ನಂಬುವಷ್ಟು ಮುಗ್ಧತೆಯು ನಮಗಿಲ್ಲ.

1520ರ ಸುಮಾರಿಗೆ ರಾಜಧಾನಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಅರಸನಿಗೆ ಅತ್ಯಂತ ಪ್ರೀತಿಪಾತ್ರನಾದವನು ಒಬ್ಬ ವೃದ್ಧನೆಂದೂ, ಅರಮನೆಯೆಲ್ಲವೂ ಅವನ ಆಜ್ಞೆಯಲ್ಲಿ ನಡೆಯುವುದೆಂದೂ, ಮಹಾಸಾಮಂತರು ಅರಸನೆದುರು ಹೇಗೋ ಅವನೆದುರಿಗೂ ಹಾಗೆಯೇ ನಡೆದುಕೊಳ್ಳುವರೆಂದೂ ಬರೆದಿಟ್ಟಿದ್ದಾನೆ. ಆ ವೃದ್ಧನೇ ತಿಮ್ಮರಸ. ಇದು ಕಣ್ಣಾರೆ ಕಂಡವನ ಸಾಕ್ಷ್ಯ.

ಇನ್ನು ಕೇಳಿದವನ ಸಾಕ್ಷ್ಯ. ಫೆರ್ನಾವೊ ನೂನಿಜನೆಂಬವನು ಕುದುರೆಯ ವ್ಯಾಪಾರಿ. ವಿಜಯನಗರದ ವೃತ್ತಾಂತವನ್ನು ಬರೆದುದು ಸುಮಾರು 1535ರಿಂದ 1537ರೊಳಗೆ, ಎಂದರೆ ಕೃಷ್ಣದೇವರಾಯನು 1529ರಲ್ಲಿ ತೀರಿಕೊಂಡು ಅಚ್ಯುತರಾಯನು ಆಳುತ್ತಿದ್ದಾಗ. ಆ ಬರಹವು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. 1900ರಲ್ಲಿ ರಾಬರ್ಟ್ ಸ್ಯೂಯೆಲ್ ಸಾಹೇಬನ ಇಂಗ್ಲಿಷ್ ಗ್ರಂಥದ ಮೂಲಕ ನಮ್ಮ ವಿದ್ಯಾವಂತರಿಗೆ ದೊರಕಿತು. ತಿಮ್ಮರಸನ ವಿಷಯದಲ್ಲಿ ಕಥೆಯೆನಿಸಿಕೊಳ್ಳುವ ಭಾಗದ ಮುಖ್ಯ ಆಕರವು ಈ ವ್ಯಾಪಾರಿಯ ಬರಹವೇ.

ಅವನು ಹೇಳುವ ಮೊದಲ ಕಥೆಯು 1509ಕ್ಕೆ ಸೇರಿದುದು. ಮರಣಶಯ್ಯೆಯಲ್ಲಿದ್ದ ವೀರನರಸಿಂಹರಾಯನು ತನ್ನ ಎಂಟು ವರ್ಷದ ಮಗನಿಗೆ ಪಟ್ಟವಾಗಬೇಕೆಂದು ಬಯಸಿ, ತಮ್ಮನಾದ ಕೃಷ್ಣರಾಯನ ಕಣ್ಣುಗಳನ್ನು ಕೀಳಿಸಿ ತಂದು ತೋರಿಸೆಂದು ತಿಮ್ಮರಸನಿಗೆ ಆಜ್ಞಾಪಿಸಿದನಂತೆ. ಮಂತ್ರಿಯು ಕೃಷ್ಣರಾಯನನ್ನು ಲಾಯಕ್ಕೆ ಕರೆದೊಯ್ದು ಸಂಗತಿಯನ್ನರುಹಲು, ತನಗೆ ರಾಜ್ಯವೇ ಬೇಡ, ಜೋಗಿಯಾಗಿ ದೇಶಾಂತರ ಹೋಗುವೆನೆಂದು ಆ ತರುಣನು ಉತ್ತರಕೊಟ್ಟನಂತೆ. ತಿಮ್ಮರಸನು ಒಂದು ಆಡಿನ ಕಣ್ಣುಗಳನ್ನು ಕೀಳಿಸಿ ದೊರೆಗೆ ತೋರಿಸಿ, ಅವನು ಕಣ್ಮುಚ್ಚಿದೊಡನೆ ಕೃಷ್ಣರಾಯನಿಗೆ ಪಟ್ಟ ಕಟ್ಟಿಸಿದನಂತೆ. ಸಾಯುವ ದೊರೆ, ನಂಬಿಕೆಯ ಮಂತ್ರಿ, ಇವರಿಬ್ಬರ ಏಕಾಂತದಲ್ಲಿ ನಡೆದುದು ಕಾಲು ಶತಮಾನದ ಮೇಲೆ ಕುದುರೆಯ ವ್ಯಾಪಾರಿಗೆ ಹೇಗೆ ತಿಳಿಯಿತು? ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ 1510ರ ಶಾಸನವು ಪಟ್ಟಾಭಿಷೇಕದ ಉತ್ಸವವನ್ನು ಹೇಳುತ್ತದೆ. ಆಡಿನ ಕಣ್ಣುಗಳನ್ನು ಹೇಳುವುದಿಲ್ಲ.

ಎರಡನೆಯದು ಚಿನ್ನಾದೇವಿಯ ಕಥೆ. ಕೃಷ್ಣರಾಯನು ಅರಸನಾಗುವುದಕ್ಕೆ ಮುಂಚೆ ಒಬ್ಬ ವಾರಾಂಗನೆಯಲ್ಲಿ ಅನುರಕ್ತನಾಗಿದ್ದನೆಂದೂ, ಮುಂದೆ ರಾತ್ರಿಯ ಹೊತ್ತು ಗುಟ್ಟಾಗಿ ಅವಳ ಮನೆಗೆ ಹೋಗುವುದನ್ನು ತಿಮ್ಮರಸನು ಪತ್ತೆಹಚ್ಚಿದನೆಂದೂ, ಕೊನೆಗೆ ಮಂತ್ರಿಯ ಸಮ್ಮತಿಯಿಂದಲೇ ವಿವಾಹವಾಯಿತೆಂದೂ ನೂನಿಜನು ಹೇಳುತ್ತಾನೆ. ರಾಣಿಯರಲ್ಲೊಬ್ಬಳು ಮೊದಲು ಗಣಿಕೆಯಾಗಿದ್ದಳೆಂಬ ಮಾತನ್ನು ಪಾಯಸನೂ ಕೇಳಿದ್ದನು. ಆದುದರಿಂದ ಇದು ಊರೆಲ್ಲ ಆಡುತ್ತಿದ್ದ ಮಾತೆಂಬುದರಲ್ಲಿ ಸಂಶಯವಿಲ್ಲ. ಈಗಿನ ಹೊಸಪೇಟೆಯಾದ ನಾಗಲಾಪುರವನ್ನು ಕಟ್ಟಿಸಿದುದೂ ಅವಳ ಪ್ರೀತಿಗಾಗಿಯೇ ಎಂದು ನೂನಿಜನ ವಾದ. ಆದರೆ ಆ ಹೆಸರು ಅರಸನ ತಾಯಿ ನಾಗಲಾದೇವಿಯದೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ತಿಳಿವಳಿಕೆ. ತಾಯಿಯ ಹೆಸರಿನ ಊರನ್ನು ಪ್ರೇಯಸಿಯ ಲೆಕ್ಕಕ್ಕೆ ಬರೆದುಕೊಳ್ಳುವುದು ಪೇಟೆಯ ಮಾತಿಗೆ ಎಷ್ಟು ಸುಲಭ! ಇತ್ತ ತಿರುಮಲೆಯ ಶಾಸನಗಳಲ್ಲಿ ಚಿನ್ನಾದೇವಿಯು ತಿರುಮಲಾದೇವಿಗೆ ಸಮಾನಳಾದ ಪಟ್ಟದ ರಾಣಿ. 1513ರಲ್ಲಿ ಇಬ್ಬರೂ ದೇವರ ಹಾಲಿಗಾಗಿ ಚಿನ್ನದ ಬಟ್ಟಲುಗಳನ್ನು ಒಪ್ಪಿಸಿದರು. ಅಲ್ಲಿಯ ಲೋಹದ ಪ್ರತಿಮೆಗಳಲ್ಲಿ ಅರಸನ ಎರಡೂ ಪಕ್ಕಗಳಲ್ಲಿ ಇಬ್ಬರೂ ಕೈಮುಗಿದು ನಿಂತಿದ್ದಾರೆ. ಆಕೆ ಕಲಾವಂತರ ಮನೆಯಲ್ಲಿ ಹುಟ್ಟಿದ್ದರೂ ಅದರಿಂದ ಕುಂದೇನು ಎಂದು ಕೇಳುವ ಧೈರ್ಯವು ಆ ಅರಸನಿಗಿತ್ತು, ಮಂತ್ರಿಗೂ ಇತ್ತು. ಇಂದಿನ ಎಷ್ಟೋ ಮಂದಿಗೆ ಅದಿಲ್ಲ.

ಮೂರನೆಯದೇ ಘೋರವಾದುದು. ಕೃಷ್ಣರಾಯನು ತನ್ನ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿ, ತಾನೇ ಮಂತ್ರಿಯ ಸ್ಥಾನದಲ್ಲಿ ನಿಂತನು. ತಿಮ್ಮರಸನು ಆಲೋಚಕನಾಗಿ ಉಳಿದನು; ಅವನ ಮಗನಿಗೆ ದೊಡ್ಡ ಪದವಿಯು ದೊರಕಿತು. ಉತ್ಸವಗಳು ಎಂಟು ತಿಂಗಳು ನಡೆದುವು. ಅಷ್ಟರಲ್ಲಿ ಬಾಲಕನು ಕಾಯಿಲೆ ಬಿದ್ದು ಸತ್ತನು. ಅನಂತರ, ವಿಷವಿಟ್ಟವನು ತಿಮ್ಮರಸನ ಮಗನೆಂಬ ಮಾತು ಅರಸನ ಕಿವಿಗೆ ಬಿದ್ದಿತು. ಹೇಳಿದವರು ಯಾರೆಂಬುದು ನೂನಿಜನ ಬರಹದಲ್ಲಿಲ್ಲ. ಅರಸನು ತಿಮ್ಮರಸನನ್ನೂ ಅವನ ಸೋದರನನ್ನೂ ಮಕ್ಕಳನ್ನೂ ಆಸ್ಥಾನಕ್ಕೆ ಕರೆಸಿ, ತುಂಬಿದ ಸಭೆಯಲ್ಲಿ ದೋಷಾರೋಪಣೆ ಮಾಡಿ, ಕುದುರೆಗಳೊಡನೆ ಬಂದಿದ್ದ ಪೋರ್ಚುಗೀಸರ ಸಹಾಯದಿಂದ ಅಲ್ಲಿಯೇ ಸೆರೆಹಿಡಿಸಿದನು. ಮೂರು ವರ್ಷ ಸೆರೆವಾಸ. ಆ ಮೇಲೆ ಮಗ ದಣ್ಣಾಯಕನು ತಪ್ಪಿಸಿಕೊಂಡು ಬೆಟ್ಟದ ದುರ್ಗವೊಂದನ್ನು ಸೇರಿ ದಂಗೆಯೆದ್ದನು; ಸೈನ್ಯವು ಹೋಗಿ ಹಿಡಿದು ತಂದಿತು. ಬ್ರಾಹ್ಮಣರಿಗೆ ಮರಣದಂಡನೆಯಿಲ್ಲವಾದುದರಿಂದ ಅವರ ಕಣ್ಣುಗಳನ್ನು ಕೀಳಿಸಲಾಯಿತು. ಮಗನು ಸೆರೆಯಲ್ಲಿ ಸತ್ತನು. ಮುದುಕನು ಕುರುಡನಾಗಿ ಸೆರೆಯಲ್ಲಿ ಉಳಿದನು.

ನೂನಿಜನು ಸುಳ್ಳುಗಾರನೆಂದು ನಾವು ಹೇಳುವುದಿಲ್ಲ. ಸೆರೆ ಮತ್ತು ಶಿಕ್ಷೆಗಳು ಊರು ಕಂಡ ಸಂಗತಿಗಳು. ಅವನ್ನು ಅಲ್ಲಗಳೆಯಲು ನಮಗೆ ಕಾರಣವಿಲ್ಲ. ಆದರೆ ವಿಷವನ್ನು ಕಂಡವರು ಯಾರು? ಬಾಲಕನ ಪಟ್ಟದಿಂದ ತಿಮ್ಮರಸನ ಮನೆಗೆ ನಷ್ಟವಾಗಿರಲಿಲ್ಲ, ಮಗನಿಗೆ ಲಾಭವೇ ಆಗಿದ್ದಿತು. ಹೀಗಿರಲು ಕೊಲ್ಲುವ ಅಗತ್ಯವಾದರೂ ಏನು? ಆ ಕಾಲದಲ್ಲಿ ಆರು ವರ್ಷದ ಮಕ್ಕಳು ಜ್ವರದಿಂದ ಸಾಯುವುದು ಅರಮನೆಯಲ್ಲಿಯೂ ಗುಡಿಸಲಿನಲ್ಲಿಯೂ ದಿನದಿನದ ಸಂಗತಿಯಾಗಿದ್ದಿತು. ಏಕಮಾತ್ರ ಆಶಾಂಕುರವನ್ನು ಕಳೆದುಕೊಂಡ ತಂದೆಗೆ ಜ್ವರದ ಮೇಲೆ ಸೇಡು ತೀರಿಸಿಕೊಳ್ಳಲು ಬರುವುದಿಲ್ಲ, ಮನುಷ್ಯನ ಮೇಲೆ ಬರುತ್ತದೆ. ದುರ್ಗಗಳನ್ನು ಬ್ರಾಹ್ಮಣರ ವಶದಲ್ಲಿಡಬೇಕೆಂದು ತನ್ನ ಆಮುಕ್ತಮಾಲ್ಯದದಲ್ಲಿ ಬರೆದ ಅರಸನೇ ಬ್ರಾಹ್ಮಣ ಮಂತ್ರಿಯ ಮನೆಯನ್ನು ಹೀಗೆ ನಿರ್ಮೂಲಗೊಳಿಸಿದನೆಂಬುದು ಆ ಚಾಡಿಮಾತಿನ ಬಲವನ್ನು ತೋರಿಸುತ್ತದೆ.

ನೂನಿಜನ ಇನ್ನೊಂದು ಮಾತನ್ನು ಪರೀಕ್ಷಿಸಲು ಹರಪನಹಳ್ಳಿಯವರು ದೂರ ಹೋಗಬೇಕಾದುದಿಲ್ಲ. ಸೆರೆಸಿಕ್ಕ ಗಜಪತಿಯ ಮಗನು ರಾಜಧಾನಿಯಲ್ಲಿ ಅವಮಾನವನ್ನು ತಾಳಲಾರದೆ ಪ್ರಾಣ ಬಿಟ್ಟನೆಂದು ಅವನ ಹೇಳಿಕೆ. ನೆರೆಯ ಮಲೆಬೆನ್ನೂರಿನ ಸೀಮೆಯ ಶಾಸನದಲ್ಲಾದರೋ ಗಜಪತಿಯ ಮಗ ವೀರಭದ್ರನು ಕೃಷ್ಣರಾಯನ ಅಧೀನದಲ್ಲಿ ಆ ಸೀಮೆಯನ್ನಾಳುತ್ತ, ಪ್ರಜೆಗಳ ಮದುವೆಯ ಸುಂಕವನ್ನು ಬಿಟ್ಟುಕೊಡುತ್ತಿದ್ದಾನೆ.

ತಿಮ್ಮರಸನ ಕೊನೆಯ ದಿನಗಳ ಬಗ್ಗೆ ಜನರು ಸುಮ್ಮನಿರಲಿಲ್ಲ. ಪೆನುಕೊಂಡೆಯಲ್ಲಿ ಅವನ ಬಂದೀಖಾನೆಯೆಂದೂ ಸಮಾಧಿಯೆಂದೂ ತೋರಿಸುವುದುಂಟು. ತೆಲುಗಿನ ರಾಯವಾಚಕದಲ್ಲಿ ಅವನು ದೊರೆಗೆ ನೀತಿ ಹೇಳುವ ಅಪ್ಪಾಜಿಯಾಗಿಯೇ ಉಳಿದಿದ್ದಾನೆ. 1962ರಲ್ಲಿ ತೆಲುಗಿನ ಮಹಾಮಂತ್ರಿ ತಿಮ್ಮರುಸು, 1970ರಲ್ಲಿ ಕನ್ನಡದ ಶ್ರೀಕೃಷ್ಣದೇವರಾಯ ಚಿತ್ರಗಳು ಬಂದುವು; ಕನ್ನಡದಲ್ಲಿ ರಾಜಕುಮಾರರು ಅರಸನಾಗಿ, ಬಿ. ಆರ್. ಪಂತುಲು ಅವರು ತಿಮ್ಮರಸನಾಗಿ ಅಭಿನಯಿಸಿದರು. ಅದನ್ನು ಕಂಡು ಕಣ್ಣೀರಿಟ್ಟ ಪ್ರೇಕ್ಷಕರು ಮುದುಕನು ನಿರಪರಾಧಿಯೆಂದು ತೀರ್ಪಿತ್ತು ಮನೆಗೆ ಹೋದರು. ಸಾಕ್ಷ್ಯವಿಲ್ಲದ ತೀರ್ಪೇ ಸರಿ; ಆದರೆ ಮೊದಲಿನ ತೀರ್ಪಿಗೂ ಸಾಕ್ಷ್ಯವಿರಲಿಲ್ಲವಷ್ಟೆ.

ಹೊಸಪೇಟೆಯಿಂದ ಹಂಪೆಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿಯಿದೆ. ಕೃಷ್ಣರಾಯನು ಮಗ ತಿರುಮಲನ ಹೆಸರಿನಲ್ಲಿ ಸಾಲೆ ತಿರುಮಲ ಮಹಾರಾಯಪುರವೆಂಬ ಊರನ್ನು ನಿರ್ಮಿಸಿ, 1524ರಲ್ಲಿ ಈ ಗುಡಿಯನ್ನು ಕಟ್ಟಿಸಿದನು. ಗರ್ಭಗೃಹದಲ್ಲಿ ಮಲಗಿದ ವಿಷ್ಣುವಿಗೆ ತಕ್ಕಷ್ಟು ಉದ್ದದ ಪೀಠವುಂಟು, ಮೂರ್ತಿಯಿಲ್ಲ. ದೇವರು ಹಡಗಲಿ ತಾಲೂಕಿನ ಹೊಳಲಿನವರೆಗೆ ಅರಸನ ಹಿಂದೆ ಬಂದು, ಅವನು ಸಂಶಯದಿಂದ ತಿರುಗಿ ನೋಡಿದುದರಿಂದ ಅಲ್ಲಿಯೇ ಮಲಗಿದನೆಂದು ಹೊಳಲಿನವರು ಇಂದಿಗೂ ಹೇಳುತ್ತಾರೆ.