ಗೇಣಿಯ ಲೆಕ್ಕ ಕೇಳಿದ ದಿನಕರ ದೇಸಾಯಿ

ದಿನಕರ ದೇಸಾಯಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಚುಟುಕ. ಗಡಿಯಾರದ ಮೇಲೆ ಅವರು ಬರೆದ ಹಾಡನ್ನು ಪ್ರಾಥಮಿಕ ಶಾಲೆಯಲ್ಲಿ ಎಷ್ಟೋ ಜನ ಹಾಡಿದ್ದೇವೆ. ಮನೆಯಲ್ಲಿ ಉರ್ದು ಮಾತನಾಡುವ ನನಗೆ ಬಾಯಿಪಾಠವಾದ ಮೊದಲ ಕನ್ನಡ ಹಾಡುಗಳಲ್ಲಿ ಅದೂ ಒಂದು. ಆದರೆ ಅವರು ರೈತರ ನಾಯಕರೂ ಹಡಗು ಕಾರ್ಮಿಕರ ಮುಂದಾಳೂ ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರೂ ಆಗಿದ್ದರು ಎಂದು ನನಗೆ ತಿಳಿದದ್ದು ಪಿಯುಸಿಗೆ ಬಂದ ಮೇಲೆ. ಇತಿಹಾಸದ ತರಗತಿಯಲ್ಲಿ 1929ರ ಆರ್ಥಿಕ ಕುಸಿತ ಮತ್ತು ಅದರ ನಂತರ ಹಿಟ್ಲರ್ ಅಧಿಕಾರಕ್ಕೆ ಬಂದ ಪಾಠ ನಡೆಯಿತು. ಅದೇ ವರ್ಷಗಳಲ್ಲಿ ನಮ್ಮ ಉತ್ತರ ಕನ್ನಡದಲ್ಲಿ ಏನು ನಡೆಯುತ್ತಿತ್ತು ಎಂದು ಹುಡುಕುವಾಗ ದೇಸಾಯಿಯವರು ಸಿಕ್ಕಿದರು.

ಅವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು. ಊರು ಅಂಕೋಲಾ ತಾಲೂಕಿನ ಅಲಗೇರಿ. ಕಾಲೇಜು ಓದಿಗೆ ಮೈಸೂರಿಗೂ ಆಮೇಲೆ ಮುಂಬಯಿಗೂ ಹೋದರು. ಎಂ.ಎ. ಮತ್ತು ಕಾನೂನು ಪದವಿ ಪಡೆದರು. ವಕೀಲಿ ಮಾಡಿದ್ದರೆ ಚೆನ್ನಾಗಿ ಸಂಪಾದಿಸಬಹುದಿತ್ತು. ಅವರು ಸೇರಿದ್ದು ಭಾರತ ಸೇವಕ ಸಮಾಜವನ್ನು. ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಕಟ್ಟಿದ ಈ ಸಂಸ್ಥೆಯ ಸದಸ್ಯರು ಸಣ್ಣ ಭತ್ಯೆಯಲ್ಲಿ ಬದುಕಿ ಸಾರ್ವಜನಿಕ ಕೆಲಸ ಮಾಡಬೇಕಿತ್ತು.

ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕರಾವಳಿಯ ಗದ್ದೆಗಳಲ್ಲಿ ದುಡಿಯುವ ಬಹಳ ಜನರಿಗೆ ಸ್ವಂತ ಭೂಮಿ ಇರಲಿಲ್ಲ. ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಬೆಳೆ ಬರಲಿ ಬಿಡಲಿ, ಗೇಣಿ ಅಳೆಯಲೇಬೇಕು. ಚಾಲಗೇಣಿಯವರನ್ನು ಒಡೆಯ ಬೇಕೆಂದಾಗ ಎಬ್ಬಿಸಬಹುದಿತ್ತು. ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ, ನಷ್ಟವೆಲ್ಲ ಒಬ್ಬನ ಖಾತೆಗೆ, ಲಾಭ ಇನ್ನೊಬ್ಬನ ಖಾತೆಗೆ. ಮೇಲಿಂದ ಜಗತ್ತಿನ ಆರ್ಥಿಕ ಕುಸಿತದಿಂದ ಬೆಳೆಗಳ ಬೆಲೆಯೂ ಬಿದ್ದಿತ್ತು. ನಾಳೆ ಮನೆ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಜನ ಬದುಕುತ್ತಿದ್ದರು.

ಜರ್ಮನಿಯಲ್ಲೂ ಆಗ ಇಂಥದೇ ಹೆದರಿಕೆ. ಅಲ್ಲಿ 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ. 1932ರ ಹೊತ್ತಿಗೆ ಕೆಲಸ ಕಳೆದುಕೊಂಡವರು 60 ಲಕ್ಷ ಆಗಿದ್ದರು. ಬೀದಿಗಳಲ್ಲಿ ಹೊಡೆದಾಟ ನಡೆಯುತ್ತಿತ್ತು. ಆ ವರ್ಷದ ಜುಲೈನಲ್ಲಿ ಅದೇ ಪಕ್ಷಕ್ಕೆ ಶೇ. 37 ಮತ ಬಿತ್ತು. ನಿಮ್ಮ ಕಷ್ಟಕ್ಕೆಲ್ಲ ಪಕ್ಕದ ಮನೆಯ ಯಹೂದಿಯೇ ಕಾರಣ ಎಂದು ಹಿಟ್ಲರ್ ಜನರಿಗೆ ಹೇಳಿದ. ಹಸಿದವರಿಗೆ ಅದು ಸುಲಭವಾದ ಉತ್ತರವಾಗಿ ಕಂಡಿತು.

ದೇಸಾಯಿಯವರು ಗೇಣಿದಾರರಿಗೆ ಹೇಳಿದ್ದು ಬೇರೆ. ಅವರು ಗೇಣಿಯ ಲೆಕ್ಕ ಕೇಳಲು ಕಲಿಸಿದರು. ಎಷ್ಟು ಬೆಳೆದೆ, ಎಷ್ಟು ಅಳೆದೆ, ನಿನಗೆ ಉಳಿದದ್ದೆಷ್ಟು? ರೈತ ಕೂಟ ಕಟ್ಟಿ ಹಳ್ಳಿ ಹಳ್ಳಿ ತಿರುಗಿದರು. ಕೇಳಬೇಕಾದದ್ದು ಕಾನೂನು ಎಂದು ತಿಳಿಸಿದರು. ಸರಕಾರಕ್ಕೆ ಇದು ಹಿಡಿಸಲಿಲ್ಲ. ಅವರನ್ನು ಐದು ವರ್ಷ ಜಿಲ್ಲೆಯಿಂದ ಗಡಿಪಾರು ಮಾಡಿತು. ಅಷ್ಟು ವರ್ಷ ಅವರು ತಮ್ಮ ಊರಿಗೇ ಕಾಲಿಡುವಂತಿರಲಿಲ್ಲ.

ಮುಂಬಯಿಯಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು. 1940ರಲ್ಲಿ ಆ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಈ ಭಾಗ ಓದುವಾಗ ನನಗೆ ವಿಶೇಷ ಅನಿಸಿತು. ಮುಂಬಯಿಯ ಖಲಾಸಿಗಳಲ್ಲಿ ರತ್ನಾಗಿರಿ ಕಡೆಯ ಮುಸ್ಲಿಮರು ಬಹಳ, ಗೋವಾದ ಕ್ರೈಸ್ತರು ಬಹಳ. ಹಡಗಿನಲ್ಲಿ ಕೆಲಸ ಸಿಗಬೇಕಾದರೆ ಸಾರಂಗನಿಗೂ ದಲ್ಲಾಳಿಗೂ ಲಂಚ ಕೊಡಬೇಕಿತ್ತು. ಅದೇ ಮುಂಬಯಿಯಲ್ಲಿ 1929, 1932, 1936ರಲ್ಲಿ ಹಿಂದೂ ಮುಸ್ಲಿಂ ಗಲಭೆಗಳಾಗಿದ್ದವು. ಅಂಥ ನಗರದಲ್ಲಿ ಸಂಬಳ ಮತ್ತು ಲಂಚದ ಪ್ರಶ್ನೆ ಹಿಡಿದು ಎಲ್ಲ ಧರ್ಮದ ಕಾರ್ಮಿಕರನ್ನು ಒಟ್ಟಿಗೆ ಕೂರಿಸುವುದು ಸಣ್ಣ ಕೆಲಸವಲ್ಲ.

ಸ್ವಾತಂತ್ರ್ಯದ ನಂತರ ಅವರು ಶಾಲೆಗಳ ಕಡೆ ತಿರುಗಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಸ್ಥಾಪಿಸಿದರು. ಜನತಾ ವಿದ್ಯಾಲಯ ಎಂಬ ಹೆಸರಿನ ಪ್ರೌಢಶಾಲೆಗಳು ಹೆಚ್ಚಾಗಿ ಹಳ್ಳಿಗಳಲ್ಲಿ ಶುರುವಾದವು. ನಮ್ಮ ಮಾವಳ್ಳಿಗೆ ಹತ್ತಿರದ ಶಿರಾಲಿಯಲ್ಲಿಯೂ ಒಂದಿದೆ. ಗೋಖಲೆಯವರ ಜನ್ಮಶತಮಾನೋತ್ಸವದ ವರ್ಷ 1966ರಲ್ಲಿ ಅಂಕೋಲೆಯಲ್ಲಿ ಕಾಲೇಜು ಆಯಿತು. ಜನಸೇವಕ ಎಂಬ ವಾರಪತ್ರಿಕೆಯನ್ನೂ ನಡೆಸಿದರು. ನಾಲ್ಕು ಸಾಲಿನ ಚುಟುಕಗಳಲ್ಲಿ ದೊಡ್ಡವರ ಡೌಲು, ರಾಜಕಾರಣಿಗಳ ಆಸೆಬುರುಕತನ ಎಲ್ಲವನ್ನೂ ನಗುನಗುತ್ತ ಚುಚ್ಚಿದರು.

1967ರಲ್ಲಿ ಅವರು ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಅದಕ್ಕಿಂತ ಮುಂಚೆ ಇದೇ ಜಿಲ್ಲೆ ಕ್ರೈಸ್ತರಾದ ಜೋಕಿಂ ಆಳ್ವ ಅವರನ್ನು ಮೂರು ಸಲ ಆರಿಸಿ ಕಳಿಸಿತ್ತು. ಭಟ್ಕಳ ಕ್ಷೇತ್ರದಿಂದ ಎಸ್. ಎಂ. ಯಾಹ್ಯಾ ಅವರು ಶಾಸಕರಾಗಿ ರಾಜ್ಯದ ಮಂತ್ರಿಯೂ ಆದರು. ಈ ಹೆಸರುಗಳನ್ನು ಒಟ್ಟಿಗೆ ಬರೆಯುವಾಗ ಇದು ನಮ್ಮದೇ ಜಿಲ್ಲೆಯೇ ಎಂದು ನನಗೆ ಆಶ್ಚರ್ಯವಾಯಿತು.

1974ರ ಭೂಸುಧಾರಣೆಯಿಂದ ಉಳುವವನೇ ಹೊಲದೊಡೆಯನಾದ. ದೇಸಾಯಿಯವರು ಮೂವತ್ತರ ದಶಕದಲ್ಲಿ ಎತ್ತಿದ ಪ್ರಶ್ನೆಗೆ ಅವರ ಜೀವಿತಕಾಲದಲ್ಲೇ ಉತ್ತರ ಬಂತು. 1982ರ ನವೆಂಬರ್ 6ರಂದು ಅವರು ತೀರಿಕೊಂಡರು.

ಮುಂದಿನ ಹೆದರಿಕೆಗಳು ಬೇರೆ ಥರದವು. ಗದ್ದೆ ಸಿಕ್ಕಿದವರ ಮೊಮ್ಮಕ್ಕಳಿಗೆ ಆ ತುಂಡು ಗದ್ದೆ ಸಾಲಲಿಲ್ಲ. ಊರಲ್ಲಿ ನೌಕರಿ ಇಲ್ಲ. ಕೆಲವರ ಮನೆಗೆ ದುಬೈ ಹಣ ಬಂತು, ಕೆಲವರಿಗೆ ಬರಲಿಲ್ಲ. 1993ರಲ್ಲಿ ಭಟ್ಕಳದಲ್ಲಿ ತಿಂಗಳುಗಟ್ಟಲೆ ಗಲಭೆ ನಡೆಯಿತು. ಎರಡೂ ಕಡೆಯವರು ನಿದ್ದೆಗೆಟ್ಟರು. ನನ್ನ ದಾದಿ ಆ ದಿನಗಳಲ್ಲಿ ರೇಷನ್ ಕಾರ್ಡು, ಬಂಗಾರ ಎಲ್ಲ ಒಂದು ಗಂಟು ಕಟ್ಟಿ ತಲೆಯ ಹತ್ತಿರ ಇಟ್ಟು ಮಲಗುತ್ತಿದ್ದರಂತೆ. 1994ರಲ್ಲಿ ಭಟ್ಕಳ ಕ್ಷೇತ್ರವನ್ನು ಬಿಜೆಪಿಯ ಡಾ. ಯು. ಚಿತ್ತರಂಜನ್ ಗೆದ್ದರು. 1996ರ ಏಪ್ರಿಲ್‌ನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆ ಕೊಲೆ ಒಂದು ಮನೆಯ ದುಃಖವಷ್ಟೇ ಆಗಿ ಉಳಿಯಲಿಲ್ಲ, ಎಲ್ಲರ ಹೆದರಿಕೆಯನ್ನೂ ಹೆಚ್ಚಿಸಿತು. ಅದೇ ವರ್ಷ ಲೋಕಸಭಾ ಸ್ಥಾನವೂ ಮೊದಲ ಸಲ ಬಿಜೆಪಿಗೆ ಹೋಯಿತು. ಆಮೇಲೆ 1999 ಬಿಟ್ಟರೆ ಅಲ್ಲಿ ಆ ಪಕ್ಷವೇ ಗೆಲ್ಲುತ್ತ ಬಂದಿದೆ.

ನಮ್ಮ ಜಿಲ್ಲೆಯನ್ನು ಜರ್ಮನಿಗೆ ಹೋಲಿಸಲು ನಾನು ಇದನ್ನು ಬರೆಯುತ್ತಿಲ್ಲ. ಬಲಪಂಥಕ್ಕೆ ಮತ ಹಾಕುವವರೆಲ್ಲ ನಮ್ಮನ್ನು ದ್ವೇಷಿಸುತ್ತಾರೆ ಎಂದೂ ನಾನು ನಂಬುವುದಿಲ್ಲ. ನಮ್ಮ ಅಂಗಡಿಗೆ ದಿನಾ ಬರುವ ಗಿರಾಕಿಗಳಲ್ಲಿ ಅಂಥವರೂ ಇದ್ದಾರೆ. ಮಗನಿಗೆ ಕೆಲಸ ಸಿಕ್ಕಿಲ್ಲ, ಮೀನು ಸಿಗುತ್ತಿಲ್ಲ, ರಾತ್ರಿ ಮಗಳು ಮನೆಗೆ ಬರುವುದು ತಡವಾದರೆ ಜೀವ ಹೋಗುತ್ತದೆ ಎಂದು ಅವರು ಅಬ್ಬಾನ ಹತ್ತಿರ ಹೇಳುವುದನ್ನು ಕೇಳಿದ್ದೇನೆ. ಅಬ್ಬಾ ಹೇಳಿಕೊಳ್ಳುವ ಕಷ್ಟವೂ ಅದೇ. ಹೆದರಿಕೆ ಒಂದೇ ಇದ್ದರೂ ಅದಕ್ಕೆ ಕಾರಣ ನೀನು ಎಂದು ಒಬ್ಬರಿಗೊಬ್ಬರು ತೋರಿಸುವಂತೆ ಆಗಿದೆ. ನಮ್ಮ ಓಣಿಗಳಲ್ಲೂ ಆ ಮಾತು ಕೇಳುತ್ತದೆ.

ದೇಸಾಯಿಯವರ ಜೀವನದಿಂದ ನಾನು ತಿಳಿದದ್ದು ಇಷ್ಟು. ಜನರ ಹೆದರಿಕೆ ಸುಳ್ಳು ಎಂದು ಅವರು ಎಂದೂ ತಳ್ಳಿಹಾಕಲಿಲ್ಲ. ಅದಕ್ಕೊಂದು ಲೆಕ್ಕ, ಒಂದು ಕಾನೂನು, ಒಂದು ಶಾಲೆ ಕೊಟ್ಟರು. ಅಂಥ ಉತ್ತರ ಕೊಡುವವರು ಇಲ್ಲದ ಜಾಗಕ್ಕೆ ಸುಲಭದ ಉತ್ತರ ಬಂದು ಕೂರುತ್ತದೆ.

ಬರುವ ವರ್ಷ ನನಗೆ ಹದಿನೆಂಟು. ನಮ್ಮ ತರಗತಿಯ ಬಹಳ ಜನರ ಹೆಸರು ಮತದಾರರ ಪಟ್ಟಿಗೆ ಸೇರುತ್ತದೆ. ಮತ ಕೇಳಲು ಬಂದವರು ಯಾವ ಪಕ್ಷದವರೇ ಆಗಲಿ, ನಮ್ಮ ಸಮುದಾಯದವರೇ ಆಗಲಿ, ಅವರ ಹತ್ತಿರ ನೌಕರಿಯ ಲೆಕ್ಕ, ಆಸ್ಪತ್ರೆಯ ಲೆಕ್ಕ, ಬಂದರಿನ ಲೆಕ್ಕ ಕೇಳೋಣ. ನಾವು ಕಾಮರ್ಸ್ ಓದುವವರು, ಲೆಕ್ಕ ಕೇಳುವುದು ನಮಗೆ ಹೊಸದೇನೂ ಅಲ್ಲ.