ಜನರನ್ನೇ ಕೇಳಿದರೆ ಸತ್ಯ ಸಿಗುತ್ತದೆಯೇ? ಎಚ್.ವಿ. ನಂಜುಂಡಯ್ಯನವರ ಪ್ರಶ್ನಾವಳಿಯ ಕಥೆ

2025ರ ಸೆಪ್ಟೆಂಬರ್ 22ರಂದು ಶುರುವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ 60 ಪ್ರಶ್ನೆಗಳಿದ್ದವು. 2015ರ ಸಮೀಕ್ಷೆಯಲ್ಲಿ ಅದಕ್ಕಿಂತ ಕಡಿಮೆ ಇದ್ದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಜನರಿಗೂ ಜಾತಿ, ಉಪಜಾತಿ, ಕುಲಕಸುಬಿನ ಪ್ರಶ್ನೆಗಳು ಎದುರಾದವು. ಜನರನ್ನೇ ನೇರವಾಗಿ ಕೇಳಿದ ಮೇಲೆ ಬರುವ ಉತ್ತರ ಸತ್ಯವೇ ಆಗಿರಬೇಕು ಎಂದು ನಮ್ಮಲ್ಲಿ ಹಲವರು ನಂಬುತ್ತಾರೆ. ಆ ನಂಬಿಕೆ ಎಷ್ಟು ಸರಿ ಎಂದು ತಿಳಿಯಲು ನೂರಿಪ್ಪತ್ತು ವರ್ಷ ಹಿಂದೆ ಇದೇ ಕೆಲಸಕ್ಕೆ ಕೈಹಾಕಿದ ಒಬ್ಬರ ಬದುಕನ್ನು ನೋಡಬೇಕು.

ಯಾರು ಈ ನಂಜುಂಡಯ್ಯ?

ಎಚ್.ವಿ. ನಂಜುಂಡಯ್ಯ ಹುಟ್ಟಿದ್ದು 1860ರಲ್ಲಿ, ಮೈಸೂರಿನಲ್ಲಿ. ಕಾನೂನು ಓದಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಮುಂದೆ ಚೀಫ್ ಕೋರ್ಟಿನ ನ್ಯಾಯಾಧೀಶರಾದರು. ಇಂಗ್ಲಿಷಿನಲ್ಲಿ ಮಾತ್ರ ಸಿಗುತ್ತಿದ್ದ ವಿಷಯಗಳನ್ನು ಕನ್ನಡಕ್ಕೆ ತರುವ ಹಂಬಲ ಅವರದು. ಕಾನೂನಿನ ಬಗ್ಗೆ ‘ವ್ಯವಹಾರ ದೀಪಿಕೆ’ ಬರೆದರು, ಅರ್ಥಶಾಸ್ತ್ರದ ಬಗ್ಗೆಯೂ ಕನ್ನಡದಲ್ಲಿ ಪುಸ್ತಕ ಬರೆದರು. 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು ಇವರೇ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯೂ ಇವರೇ.

ಇಷ್ಟು ಬಹಳ ಜನರಿಗೆ ಗೊತ್ತು. ಅವರು ಮೈಸೂರು ಸಂಸ್ಥಾನದ ಜನಾಂಗ ಸಮೀಕ್ಷೆಯ ಮುಖ್ಯಸ್ಥರೂ ಆಗಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ.

ಪ್ರಶ್ನೆಗಳು ಬಂದದ್ದು ಎಲ್ಲಿಂದ?

1901ರ ಜನಗಣತಿಯ ಬೆನ್ನಲ್ಲೇ ಬ್ರಿಟಿಷ್ ಸರ್ಕಾರ ಇಡೀ ಭಾರತದ ಜಾತಿ, ಬುಡಕಟ್ಟುಗಳ ಸಮೀಕ್ಷೆಗೆ ಮುಂದಾಯಿತು. ಅದರ ನಿರ್ದೇಶಕ ಹರ್ಬರ್ಟ್ ರಿಸ್ಲೆ. ಎಲ್ಲ ಪ್ರಾಂತ್ಯಗಳಿಗೂ ಒಂದೇ ಬಗೆಯ ಪ್ರಶ್ನಾವಳಿ ಹೋಯಿತು. ಜಾತಿಯ ಹೆಸರೇನು, ಒಳಪಂಗಡಗಳೆಷ್ಟು, ಮದುವೆಯ ವಯಸ್ಸೆಷ್ಟು, ವಿಧವೆಯರ ಮರುಮದುವೆ ಉಂಟೇ, ಆಸ್ತಿ ಯಾರಿಗೆ ಹೋಗುತ್ತದೆ, ಯಾರ ಜೊತೆ ಊಟ ಮಾಡುತ್ತಾರೆ, ಹೀಗೆ.

ಎಲ್ಲ ಕಡೆ ಒಂದೇ ಪ್ರಶ್ನೆ ಕೇಳಿದರೆ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಪ್ರಶ್ನಾವಳಿಯ ದೊಡ್ಡ ಶಕ್ತಿಯೇ ಇದು. ಹಾಸನವೂ ಸೇರಿ ಎಂಟು ಜಿಲ್ಲೆಗಳ ಸಂಸ್ಥಾನವನ್ನು ಒಬ್ಬ ಅಧಿಕಾರಿ ಊರೂರು ಸುತ್ತಿ ನೋಡಲಾಗದು. ಆದರೆ ಪ್ರಶ್ನೆಗಳು ಎಲ್ಲ ಕಡೆ ಹೋಗಬಲ್ಲವು.

ಎಡವಟ್ಟು ಎಲ್ಲಿ?

ಒಂದು ಉದಾಹರಣೆ ಊಹಿಸಿಕೊಳ್ಳಿ. ಆ ಕಾಲದಲ್ಲಿ ಅರಕಲಗೂಡಿನ ಒಂದು ಹಳ್ಳಿಯಲ್ಲಿ, ನಿಮ್ಮಲ್ಲಿ ಕೂಡಿಕೆ ಮದುವೆ ಉಂಟೇ ಎಂದು ಕೇಳುತ್ತಾರೆ. ಉತ್ತರ ಕೊಡುವವರು ಊರಿನ ಯಜಮಾನರು, ಗಂಡಸರು. ಕುಲದ ಮರ್ಯಾದೆಯ ಪ್ರಶ್ನೆ, ಹಾಗಾಗಿ ಇಲ್ಲ ಎನ್ನುತ್ತಾರೆ. ಅದೇ ಬೀದಿಯಲ್ಲಿ ಕೂಡಿಕೆಯಾದ ಹೆಣ್ಣುಮಗಳೊಬ್ಬಳು ಸಂಸಾರ ಮಾಡುತ್ತಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ. ಯಜಮಾನರು ಹೇಳಿದ್ದು ಹೇಗಿರಬೇಕು ಎಂಬ ನಿಯಮ. ಕಾಗದದ ಮೇಲೆ ಅದು ಹೇಗಿದೆ ಎಂಬ ವಾಸ್ತವವಾಗಿ ಅಚ್ಚಾಗುತ್ತದೆ.

ಇನ್ನೊಂದು ತೊಡಕೂ ಇದೆ. ಜಾತಿಗೆ ಒಂದೇ ಹೆಸರು, ಒಂದೇ ಪದ್ಧತಿ ಇದೆ ಎಂದು ಪ್ರಶ್ನೆಯೇ ಮೊದಲು ಒಪ್ಪಿಕೊಂಡುಬಿಡುತ್ತದೆ. ಹೇಮಾವತಿಯ ಈ ದಡದಲ್ಲಿ ಒಂದು ರೂಢಿ, ಆ ದಡದಲ್ಲಿ ಇನ್ನೊಂದು ಇದ್ದರೆ ಅದನ್ನು ಬರೆಯಲು ಜಾಗವೇ ಇರುವುದಿಲ್ಲ. ರಿಸ್ಲೆಯಂತೂ ಮೂಗಿನ ಅಳತೆಯಿಂದ ಜಾತಿಯ ಮೇಲು ಕೀಳು ತಿಳಿಯುತ್ತದೆ ಎಂದು ನಂಬಿದ್ದ. ಆ ವಾದವನ್ನು ವಿಜ್ಞಾನ ಎಂದೋ ತಿರಸ್ಕರಿಸಿದೆ.

ನಂಜುಂಡಯ್ಯ ಮಾಡಿದ್ದು

1906ರಿಂದ ಅವರು ಒಂದೊಂದು ಜಾತಿಯ ಬಗ್ಗೆ ಚಿಕ್ಕ ಪುಸ್ತಿಕೆಗಳನ್ನು ಹೊರತಂದರು. ಅವು ಪ್ರಾಥಮಿಕ ಆವೃತ್ತಿ ಎಂಬ ಹಣೆಪಟ್ಟಿಯೊಂದಿಗೇ ಬಂದವು. ಅಂದರೆ ಇದು ಕೊನೆಯ ಮಾತಲ್ಲ ಎಂಬುದು ಮುಖಪುಟದಲ್ಲೇ ಇತ್ತು. 1920ರಲ್ಲಿ ಅವರು ತೀರಿಕೊಂಡಾಗ ಕೆಲಸ ಅರ್ಧಕ್ಕೇ ನಿಂತಿತ್ತು. ಕೊಚ್ಚಿಯಲ್ಲಿ ಇಂಥದೇ ಸಮೀಕ್ಷೆ ನಡೆಸಿದ್ದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಂದುವರಿಸಿದರು. 1928ರಿಂದ 1935ರ ನಡುವೆ ಮೈಸೂರು ವಿಶ್ವವಿದ್ಯಾನಿಲಯ ನಾಲ್ಕು ಸಂಪುಟಗಳನ್ನು ಇಬ್ಬರ ಹೆಸರಿನಲ್ಲೂ ಪ್ರಕಟಿಸಿತು. ಪ್ರಾಥಮಿಕ ಎಂಬ ಎಚ್ಚರಿಕೆಯನ್ನು ಓದುಗರು ಮರೆತರು, ಸಂಪುಟಗಳು ಪ್ರಮಾಣಗ್ರಂಥಗಳಾದವು.

ಮುಂದೆ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಒಂದು ಹಳ್ಳಿಗೇ ಹೋಗಿ ತಿಂಗಳುಗಟ್ಟಲೆ ನೆಲೆಸಿದರು. ರಾಂಪುರ ಎಂದು ಅವರು ಹೆಸರು ಬದಲಿಸಿ ಬರೆದ ಊರು ಅದು. ಪುಸ್ತಕದಲ್ಲಿ ಕಾಣುವ ಜಾತಿಗೂ ಹೊಲದಲ್ಲಿ, ಜಗಲಿಯಲ್ಲಿ ಕಾಣುವ ಜಾತಿಗೂ ಎಷ್ಟು ಅಂತರವಿದೆ ಎಂದು ಅಲ್ಲಿ ಕಂಡರು.

ಹಾಗಾದರೆ ಪ್ರಶ್ನಾವಳಿ ಬೇಡವೇ?

ಖಂಡಿತ ಬೇಕು. ಎಷ್ಟು ಮನೆಗಳಲ್ಲಿ ನಲ್ಲಿ ಇದೆ, ಎಷ್ಟು ಹೆಣ್ಣುಮಕ್ಕಳು ಶಾಲೆ ಬಿಟ್ಟರು ಎಂಬುದನ್ನು ಒಂದು ಹಳ್ಳಿಯಲ್ಲಿ ಕೂತು ತಿಳಿಯಲಾಗದು. ಆದರೆ ಯಾವುದೇ ಸಮೀಕ್ಷೆಯ ಫಲಿತಾಂಶ ಓದುವಾಗ ಮೂರು ವಿಷಯ ನೋಡಿ: ಉತ್ತರ ಕೊಟ್ಟವರು ಯಾರು, ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರು, ಯಾರನ್ನು ಕೇಳದೆ ಬಿಟ್ಟರು. ಜಾತಿಯ ಮೂಲದ ಬಗ್ಗೆ ವಾದ ಬಂದಾಗ ನಂಜುಂಡಯ್ಯನವರ ಸಂಪುಟಗಳನ್ನು ಈಗಲೂ ತೆಗೆದು ತೋರಿಸುತ್ತಾರೆ. ಅವು ಅಂದು ಕೆಲವರು ಕೊಟ್ಟ ಉತ್ತರಗಳ ಸಂಗ್ರಹ ಎಂಬುದು ನೆನಪಿರಲಿ.