ಲಂಕೇಶ್ ಕಂಡ ಬಹುಮತ, ಕಾಣದ ಬಹುಮತ

1980ರ ಜನವರಿಯ ಕರ್ನಾಟಕವನ್ನ ಒಮ್ಮೆ ಊಹಿಸಿಕೊಳ್ಳಿ. ಲೋಕಸಭೆಯ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ ಪಾಲಾಗಿವೆ. ಅದುವರೆಗೆ ದೇವರಾಜ ಅರಸರ ಬೆನ್ನಿಗಿದ್ದ ಶಾಸಕರು ಸಾಲುಗಟ್ಟಿ ಆ ಕಡೆ ಹಾರಿದ್ದಾರೆ, ಗುಂಡೂರಾವ್ ಮುಖ್ಯಮಂತ್ರಿ ಆಗಿದ್ದಾರೆ. ರಾಜ್ಯ ಹುಟ್ಟಿದಾಗಿನಿಂದ ಕಾಂಗ್ರೆಸ್ಸೋ ಅದರದೇ ಒಂದು ಒಡಕೋ ಆಳಿದೆಯೇ ಹೊರತು ಬೇರೆಯವರು ಬಂದಿಲ್ಲ. ಇಂಥ ಹೊತ್ತಲ್ಲಿ ಜನ ಯಾರ ಕಡೆ ಇದ್ದಾರೆ ಅಂತ ಕೇಳೋದೇ ಪೆದ್ದುತನ. ಅದೇ ವರ್ಷದ ಜುಲೈನಲ್ಲಿ, 45 ವಯಸ್ಸಿನ ಒಬ್ಬ ಇಂಗ್ಲಿಷ್ ಮೇಷ್ಟ್ರು ಆ ಪೆದ್ದು ಪ್ರಶ್ನೆಯನ್ನೇ ವಾರವಾರ ಕೇಳೋಕೆ ಒಂದು ಪತ್ರಿಕೆ ಶುರು ಮಾಡಿದರು.

ಪಿ. ಲಂಕೇಶ್ ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಇದನ್ನು ಬರೀತಾ ಇರೋದು ಜಿಗಣಿಯಿಂದ. ಗ್ರಾನೈಟ್ ಕತ್ತರಿಸುವ ಯೂನಿಟ್ಟುಗಳು, ಗಾರ್ಮೆಂಟ್ಸ್ ಗೇಟುಗಳ ನಡುವಿನ ಒಂದು ಬಾಡಿಗೆ ರೂಮಿನಿಂದ. ನನ್ನ ವಯಸ್ಸಿನ ಬಹಳ ಜನರಿಗೆ ಲಂಕೇಶ್ ಅಂದ್ರೆ ಗೌರಿಯ ಅಪ್ಪ, ಅಷ್ಟೆ. ಆದರೆ ಬಹುಮತ ಅನ್ನೋದು ಹೇಗೆ ತಯಾರಾಗುತ್ತೆ ಅಂತ ತಿಳಿಯಬೇಕಾದರೆ ಅವರ ಬದುಕಿಗಿಂತ ಒಳ್ಳೆ ಪಾಠ ಕನ್ನಡದಲ್ಲಿ ನನಗೆ ಸಿಕ್ಕಿಲ್ಲ.

1935ರ ಮಾರ್ಚ್ 8ರಂದು ಶಿವಮೊಗ್ಗದ ಹತ್ತಿರದ ಕೊನಗವಳ್ಳಿಯಲ್ಲಿ, ಬೇಸಾಯದ ಮನೆಯಲ್ಲಿ ಹುಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಆನರ್ಸ್, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಎಂ.ಎ. ಶಿವಮೊಗ್ಗದಲ್ಲೂ ಆಮೇಲೆ ಬೆಂಗಳೂರಲ್ಲೂ ಪಾಠ ಮಾಡಿದರು. 1963ರಲ್ಲಿ ಮೊದಲ ಕಥಾಸಂಕಲನ. ಆಮೇಲೆ ಕಾದಂಬರಿ, ನಾಟಕ, ಬೋದಿಲೇರನ ಅನುವಾದ. 1970ರಲ್ಲಿ ಬಂದ 'ಸಂಸ್ಕಾರ' ಸಿನಿಮಾದಲ್ಲಿ ನಾರಣಪ್ಪನ ಪಾತ್ರ. ತಾವೇ ನಿರ್ದೇಶಿಸಿದ 'ಪಲ್ಲವಿ'ಗೆ ರಾಷ್ಟ್ರಪ್ರಶಸ್ತಿ. ಇಷ್ಟರಲ್ಲಿ ಯಾವುದೊಂದು ಇದ್ದಿದ್ದರೂ ಅವರು ಕನ್ನಡದಲ್ಲಿ ಉಳೀತಿದ್ದರು. ನನಗೆ ಇಲ್ಲಿ ಮುಖ್ಯ ಅನಿಸೋದು ಬೇರೆ. ಅವರು ಬಂದದ್ದು ನವ್ಯ ಸಾಹಿತ್ಯದ ಗುಂಪಿನಿಂದ. ಒಂಟಿ ಮನುಷ್ಯನ ಒಳಗುದಿಯೇ ಅವರಿಗೆಲ್ಲ ದೊಡ್ಡದು, ಗುಂಪು ಅಂದ್ರೆ ಅನುಮಾನ. ಬಸವಣ್ಣ–ಬಿಜ್ಜಳರ ಕಲ್ಯಾಣವನ್ನು ಇಟ್ಟುಕೊಂಡು ಬರೆದ 'ಸಂಕ್ರಾಂತಿ' ನಾಟಕದಲ್ಲೂ ಜನಸಮೂಹದ ಬಗ್ಗೆ ಭೋಳೆ ನಂಬಿಕೆ ಇಲ್ಲ. ಅಂಥ ಮನುಷ್ಯ ವಿಶ್ವವಿದ್ಯಾಲಯದ ಭದ್ರ ಸಂಬಳ ಬಿಟ್ಟು ಸಾವಿರಾರು ಜನರ ಕೈಗೆ ಹೋಗೋ ಟ್ಯಾಬ್ಲಾಯ್ಡ್ ಮಾಡಲು ಹೊರಟರು.

'ಲಂಕೇಶ್ ಪತ್ರಿಕೆ' ಕಪ್ಪು ಬಿಳುಪು. ಜಾಹೀರಾತು ಇಲ್ಲ. ಈ ಎರಡನೆಯದನ್ನ ಜನ ತತ್ವ, ಆದರ್ಶ ಅಂತ ಹೊಗಳಿ ಮುಂದೆ ಹೋಗಿಬಿಡ್ತಾರೆ. ನಾನದನ್ನ ಲೆಕ್ಕದ ಪುಸ್ತಕವಾಗಿ ಓದ್ತೀನಿ. ಜಾಹೀರಾತು ನಂಬಿದ ಪತ್ರಿಕೆ ಓದುಗನನ್ನು ಜಾಹೀರಾತುದಾರನಿಗೆ ಮಾರುತ್ತೆ. ಹಾಗಾಗಿ ಅದಕ್ಕೆ ಬೇಕಾದ ಓದುಗ ಫ್ರಿಜ್ ಕೊಳ್ಳುವವನು, ಸೈಟು ಕೊಳ್ಳುವವನು. ಅವನ ಅಭಿಪ್ರಾಯವೇ ನಿಧಾನಕ್ಕೆ ಸಾರ್ವಜನಿಕ ಅಭಿಪ್ರಾಯ ಆಗುತ್ತೆ. ಸರ್ಕಾರಿ ಜಾಹೀರಾತಾದರೆ ಇನ್ನೂ ಸುಲಭ, ನಿಲ್ಲಿಸ್ತೀನಿ ಅಂದರೆ ಸಾಕು. ಪ್ರತಿ ಮಾರಿಯೇ ಬದುಕಬೇಕಾದ ಪತ್ರಿಕೆಗೆ ಕ್ಷೌರದಂಗಡಿಯಲ್ಲಿ, ಹಾಸ್ಟೆಲ್ಲಿನಲ್ಲಿ, ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಕಾಸು ಕೊಟ್ಟು ಕೊಳ್ಳುವವನೇ ಯಜಮಾನ. ಅವನಿಗೆ ಬೇಕಾದ ಸುದ್ದಿ ವಿಧಾನಸೌಧದ ಪ್ರೆಸ್‌ಮೀಟಿನಲ್ಲಿ ಸಿಗೋದಿಲ್ಲ.

ಪತ್ರಿಕೆ ಶುರುವಾದ ತಿಂಗಳಲ್ಲೇ ನರಗುಂದ–ನವಲಗುಂದದಲ್ಲಿ ಗೋಲಿಬಾರ್ ಆಯಿತು. ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದ ರೈತರು ಸತ್ತರು. ಅದರ ಬೆನ್ನಿಗೆ ರೈತಸಂಘ ಹುಟ್ಟಿತು. 1982ರಲ್ಲಿ ಗೋಕಾಕ್ ಚಳವಳಿ. 27 ಸ್ಥಾನ ಕೊಟ್ಟ ರಾಜ್ಯ ಬೀದಿಯಲ್ಲಿ ಬೇರೆಯೇ ಮಾತಾಡ್ತಾ ಇತ್ತು. ಲಂಕೇಶ್ ಮಾಡಿದ್ದು ಇಷ್ಟು: ಆ ಮಾತುಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಿದರು. ಅಧಿಕಾರದಲ್ಲಿದ್ದವರಿಗೆ ಅಡ್ಡಹೆಸರಿಟ್ಟು ನಗೆಪಾಟಲು ಮಾಡಿದರು. ಈ ಅಡ್ಡಹೆಸರಿನ ಪತ್ರಿಕೋದ್ಯಮ ಕೆಲವು ಸಲ ಕ್ರೂರವಾಗಿತ್ತು, ಅದನ್ನೂ ಹೇಳಬೇಕು. ಆದರೆ ನಗು ಒಂದು ಕೆಲಸ ಮಾಡುತ್ತೆ. ಹೆದರಿಕೊಂಡವನಿಗೆ ಪಕ್ಕದವನೂ ನಗ್ತಾ ಇರೋದು ಕಾಣುತ್ತೆ.

ವಿಷಯ ಇರೋದೇ ಇಲ್ಲಿ. ನಮ್ಮ ತಲೆಯಲ್ಲಿ ಎರಡು ಅಭಿಪ್ರಾಯ ಇರ್ತವೆ: ಒಂದು ನಮ್ಮದು, ಇನ್ನೊಂದು ಉಳಿದವರೆಲ್ಲ ಹೀಗೆ ಯೋಚಿಸ್ತಿದ್ದಾರೆ ಅಂತ ನಾವು ಅಂದುಕೊಂಡಿರೋದು. ಮಾಧ್ಯಮಗಳು ಮೊದಲನೆಯದನ್ನ ಅಷ್ಟು ಸುಲಭಕ್ಕೆ ಬದಲಾಯಿಸಲಾರವು. ಎರಡನೆಯದು ಪೂರ್ತಿ ಅವುಗಳ ಕೈಯಲ್ಲೇ ಇದೆ. ಜರ್ಮನಿಯ ಎಲಿಜಬೆತ್ ನೊಯೆಲ್-ನಾಯ್ಮನ್ 1974ರಲ್ಲಿ ಇದನ್ನು ಮೌನದ ಸುರುಳಿ ಅಂತ ಕರೆದರು. ತಾನು ಅಲ್ಪಸಂಖ್ಯಾತ ಅಂದುಕೊಂಡವನು ಬಾಯಿ ಮುಚ್ಚಿಕೊಳ್ತಾನೆ, ಅವನ ಮೌನ ನೋಡಿ ಇನ್ನೊಬ್ಬ ಮುಚ್ಚಿಕೊಳ್ತಾನೆ. ಲಂಕೇಶ್ ಆ ಸುರುಳಿಯನ್ನು ತಿರುವು ಮುರುವು ತಿರುಗಿಸಿದರು. ಹಾಸನದ ಬಾನು ಮುಷ್ತಾಕ್ ಈ ಪತ್ರಿಕೆಗೆ ವರದಿ ಮಾಡಿದರು, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದದ್ದು ಅವರೇ. ಕಾಸರಗೋಡಿನ ಮಣ್ಣಿನ ಸಾರಾ ಅಬೂಬಕ್ಕರ್ ಬರೆದ 'ಚಂದ್ರಗಿರಿಯ ತೀರದಲ್ಲಿ' ಇಲ್ಲೇ ಧಾರಾವಾಹಿಯಾಗಿ ಬಂತು. ಮುಸ್ಲಿಂ ಹೆಣ್ಣುಮಗಳೊಬ್ಬಳ ಕಷ್ಟವನ್ನು ಕೊನಗವಳ್ಳಿಯಂಥ ಊರಿನ ಓದುಗ ತನ್ನದೇ ಅಂತ ಓದಿದ. ಅವನನ್ನು ಅದುವರೆಗೆ ಯಾರೂ ಅಂಥ ಓದುಗ ಅಂತ ಎಣಿಸಿರಲಿಲ್ಲ.

1983ರ ಜನವರಿಯಲ್ಲಿ ಕಾಂಗ್ರೆಸ್ ಸೋತಿತು. ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಬಿದ್ದರು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು, ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಲಂಕೇಶ್ ಸರ್ಕಾರವನ್ನೇ ಉರುಳಿಸಿದರು ಅನ್ನೋ ಕಥೆ ಅಂದಿನಿಂದ ಇವತ್ತಿನವರೆಗೂ ಓಡ್ತಾನೇ ಇದೆ.

ನನಗೆ ಆ ಕಥೆ ಇಷ್ಟ, ಪೂರ್ತಿ ನಂಬೋದಿಲ್ಲ. ಆ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಿದ್ದದ್ದು ಸುಮಾರು 40% ಮತ, ಜನತಾಗೆ ಸುಮಾರು 33%. ಅಂದ್ರೆ ಜನ ಒಟ್ಟಾಗಿ ಎದ್ದು ಒದ್ದೋಡಿಸಿದರು ಅಂತ ನಾವು ಹೇಳಿಕೊಳ್ಳೋ ಪಕ್ಷಕ್ಕೇ ಎಲ್ಲರಿಗಿಂತ ಹೆಚ್ಚು ಮತ ಬಂದಿತ್ತು. ಸ್ಥಾನಗಳ ಲೆಕ್ಕ ಬೇರೆ, ತಲೆಗಳ ಲೆಕ್ಕ ಬೇರೆ. ಮರುದಿನದ ದಪ್ಪಕ್ಷರದ ತಲೆಬರಹದಲ್ಲಿ ಮೊದಲನೆಯದೇ ಜನಾದೇಶ ಆಗುತ್ತೆ. 1984ರ ಡಿಸೆಂಬರಿನಲ್ಲಿ ಇದೇ ಜನ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟರು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿನಲ್ಲಿ ಅದೇ ಜನ ಜನತಾಗೆ 139 ಕೊಟ್ಟರು. ಮೂರು ತಿಂಗಳಲ್ಲಿ ಎರಡು ಬಹುಮತ! ಎರಡೂ ನಿಜ.

ಹೆಗಡೆಯವರನ್ನೂ ಪತ್ರಿಕೆ ಬಿಡಲಿಲ್ಲ. ನಾವೇ ತಂದ ಸರ್ಕಾರ ಅಂತ ಮೆತ್ತಗಾಗದೇ ಇದ್ದದ್ದು ಲಂಕೇಶರ ಬಗ್ಗೆ ನನಗಿರುವ ದೊಡ್ಡ ಗೌರವ. ಆದರೆ ಆ ದಶಕ ಮುಗಿಯೋ ಹೊತ್ತಿಗೆ ಅವರು ಕರ್ನಾಟಕ ಪ್ರಗತಿ ರಂಗ ಅನ್ನೋ ರಾಜಕೀಯ ಸಂಘಟನೆಯನ್ನೇ ಕಟ್ಟಿದರು. ವಾರವಾರ ಪತ್ರಿಕೆ ಕೊಳ್ಳೋ ಜನ ಜೊತೆಗೆ ಬರ್ತಾರೆ ಅನ್ನೋ ಲೆಕ್ಕ ಇದ್ದಿರಲೇಬೇಕು. ಅದು ಬೇರು ಬಿಡಲಿಲ್ಲ. 1989ರಲ್ಲಿ ಕಾಂಗ್ರೆಸ್ 178 ಸ್ಥಾನದೊಂದಿಗೆ ವಾಪಸ್ ಬಂತು, ಜನತಾದಳ 24ಕ್ಕೆ ಇಳಿಯಿತು. ಬೇರೆಯವರು ಎಣಿಸಿದ ಬಹುಮತ ಪೊಳ್ಳು ಅಂತ ಎಲ್ಲರಿಗಿಂತ ಮೊದಲು ಕಂಡ ಮನುಷ್ಯನಿಗೆ ತನ್ನ ಟೇಬಲ್ಲಿಗೆ ಬಂದು ಬೀಳೋ ಕಾಗದಗಳೂ ಒಂದು ಥರದ ಪೊಳ್ಳು ಬಹುಮತವೇ ಅಂತ ಕಾಣಲಿಲ್ಲ. ಓದುಗ ನಗ್ತಾನೆ, ಸಿಟ್ಟಾಗ್ತಾನೆ, ಪತ್ರಿಕೆ ಮಡಚಿ ಇಟ್ಟು ಹೋಗಿ ತನ್ನ ಜಾತಿಗೆ, ತನ್ನೂರಿನ ಸೊಸೈಟಿ ಅಧ್ಯಕ್ಷ ಹೇಳಿದವನಿಗೆ ಓಟು ಹಾಕ್ತಾನೆ. ಅದರಲ್ಲಿ ಅವನಿಗೆ ವಿರೋಧಾಭಾಸ ಏನೂ ಕಾಣೋದಿಲ್ಲ.

ಈ ಅಧ್ಯಾಯವನ್ನು ಲಂಕೇಶರ ಅಭಿಮಾನಿಗಳು ಎರಡು ಸಾಲಲ್ಲಿ ಮುಗಿಸ್ತಾರೆ. ನಮ್ಮಂಥವರಿಗೆ ಬೇಕಾಗಿರೋದು ಇದೇ ಅಂತ ನನ್ನ ವಾದ. ನಮ್ಮ ಸುತ್ತಮುತ್ತಲನ್ನೇ ನೋಡಿ. ಆನೇಕಲ್ ವಿಧಾನಸಭಾ ಕ್ಷೇತ್ರ 2013, 2018, 2023ರಲ್ಲಿ ಸತತ ಕಾಂಗ್ರೆಸ್ ಶಾಸಕರನ್ನು ಆರಿಸಿದೆ. ಅದು ಸೇರುವ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ 2024ರಲ್ಲಿ ಬಿಜೆಪಿಗೆ ಹೋಯಿತು. ಇಲ್ಲಿನ ಬಹುಮತ ಯಾವುದು ಅಂತ ಹೇಳ್ತೀರಿ? ಜೊತೆಗೆ, ನನ್ನ ಲೈನಿನಲ್ಲಿ ಪಾಳಿ ಮಾಡೋರಲ್ಲಿ ರಾಯಚೂರಿನವರಿದ್ದಾರೆ, ಒಡಿಶಾದವರಿದ್ದಾರೆ, ಬಿಹಾರದವರಿದ್ದಾರೆ. ಅವರ ಹೆಸರು ಇಲ್ಲಿನ ಮತಪಟ್ಟಿಯಲ್ಲಿಲ್ಲ, ಊರಿನ ಮತಗಟ್ಟೆಗೆ ಹೋಗಲು ರಜೆ ಇಲ್ಲ. ಜನಾಭಿಪ್ರಾಯ ಕೇಳೋ ಟಿವಿ ಮೈಕು ಇಲ್ಲಿನ ಶಿಫ್ಟ್ ಬಸ್ಸಿನ ಬಾಗಿಲಿಗೆ ಬಂದದ್ದನ್ನು ನಾನು ನೋಡಿಲ್ಲ. ಕ್ಯಾಂಟೀನಿನ ಟಿವಿಯಲ್ಲಿ ಮಾತ್ರ ದೇಶದ ಜನ ಹೀಗಂತಾರೆ ಅನ್ನೋದು ದಿನಾ ಬರುತ್ತೆ. ಊಟ ಮಾಡ್ತಾ ಎಲ್ಲರೂ ತಲೆ ಎತ್ತಿ ನೋಡ್ತಾರೆ, ಯಾರೂ ಏನೂ ಹೇಳಲ್ಲ. 2024ರ ಜೂನ್ 1ರ ಸಂಜೆ ಎಕ್ಸಿಟ್ ಪೋಲ್‌ಗಳು ಎನ್‌ಡಿಎಗೆ 350, 400 ಅಂತ ಕೂಗಿದಾಗಲೂ ಹಾಗೇ ನೋಡಿದರು. ಮೂರು ದಿನಕ್ಕೆ ಬಿಜೆಪಿ 240ಕ್ಕೆ ನಿಂತಿತು, ಎನ್‌ಡಿಎ 293ಕ್ಕೆ. ಆಗ ನಮ್ಮ ಕಡೆಯವರು ಫೋನಿನಲ್ಲಿ ಕುಣಿದದ್ದೂ ನೆನಪಿದೆ. ನಮ್ಮ ಟೈಮ್‌ಲೈನೇ ಕರ್ನಾಟಕ ಅಂತ ನಂಬೋ ನಮಗೂ ಲಂಕೇಶರ ಟೇಬಲ್ಲಿಗೂ ಬಹಳ ದೂರ ಇಲ್ಲ. ಅವರಿಗಾದರೂ ಕಾಗದ ಬರೆದವನು ಅಂಚೆ ಚೀಟಿಗೆ ದುಡ್ಡು ಹಾಕಿದ್ದ.

ಪ್ರಗತಿ ರಂಗ ಮುಗಿದ ಮೇಲೂ ಲಂಕೇಶ್ ಪತ್ರಿಕೆ ನಿಲ್ಲಿಸಲಿಲ್ಲ. ಓಟು ಹಾಕದ ಓದುಗರೂ ಅದನ್ನ ಕೊಳ್ಳೋದು ಬಿಡಲಿಲ್ಲ. 1993ರಲ್ಲಿ 'ಕಲ್ಲು ಕರಗುವ ಸಮಯ' ಕಥಾಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ರಾಜಕಾರಣ ಬರೆಯೋ ಕೈಯಲ್ಲೇ ನೀಲು ಅನ್ನೋ ಹೆಣ್ಣಿನ ಹೆಸರಿನಲ್ಲಿ ಮೂರು ನಾಲ್ಕು ಸಾಲಿನ ಪದ್ಯಗಳನ್ನು ಬರೀತಾ ಹೋದರು. 2000ದ ಜನವರಿ 25ರಂದು ತೀರಿಕೊಂಡರು, 64 ವಯಸ್ಸು. ಪತ್ರಿಕೆ ಮುಂದುವರಿಯಿತು. ಸಂಪಾದಕರ ಕುರ್ಚಿಗೆ ದೆಹಲಿಯಿಂದ ಮಗಳು ಗೌರಿ ಬಂದರು.